ಲಂಡನ್ನೋ, ಪ್ಯಾರಿಸ್ಸೋ? ಹೋಟೆಲಿನವರ ಲೆಕ್ಕದಲ್ಲಿ



ನಮ್ಮ ಲಿಂಗಂಪಲ್ಲಿ, ಚಂದಾನಗರ, ಬಿಎಚ್‌ಇಎಲ್ ಭಾಗದ ಹೋಟೆಲಿನವರು ನಾಲ್ಕು ಜನ ಸೇರಿದರೆ ಈಗ ಒಂದು ಹೊಸ ಮಾತು ಬರುತ್ತದೆ. ಮಕ್ಕಳು ಓದಿ ಗಚ್ಚಿಬೌಲಿಯ ಕಂಪನಿಗಳಲ್ಲಿ ಕೆಲಸಕ್ಕೆ ಸೇರಿದ್ದಾರೆ. ಅಪ್ಪ ಅಮ್ಮ ಒಂದು ಸಲ ಯುರೋಪ್ ನೋಡಿ ಬರಲಿ ಎಂಬುದು ಅವರ ಒತ್ತಾಯ. ಆಗ ಏಳುವ ಪ್ರಶ್ನೆ ಒಂದೇ: ಲಂಡನ್ನಿಗೆ ಹೋಗುವುದೋ, ಪ್ಯಾರಿಸ್ಸಿಗೋ?

ಬೆಳಗಿನ ನಾಲ್ಕಕ್ಕೆ ಎದ್ದು ಬಾಯ್ಲರ್ ಹಚ್ಚುವ ನಮಗೆ ಹತ್ತು ದಿನ ಬಿಡುವು ಸಿಗುವುದು ಹತ್ತಿಪ್ಪತ್ತು ವರ್ಷಕ್ಕೊಮ್ಮೆ. ಅದನ್ನು 'ಹನ್ನೆರಡು ದಿನ, ಎಂಟು ದೇಶ' ಎಂಬ ಪ್ಯಾಕೇಜಿನಲ್ಲಿ ಬಸ್ಸಿನ ಸೀಟಿನ ಮೇಲೆ ಕಳೆಯಬಾರದು. ಒಂದೇ ಊರಿನಲ್ಲಿ ಏಳು ರಾತ್ರಿ ತಂಗುವುದು ಮೇಲು ಎಂದು ನನ್ನ ಅಭಿಪ್ರಾಯ. ಯಾವ ಊರು ಎಂಬುದನ್ನು ಜಾಹೀರಾತಿನ ಫೋಟೋ ನೋಡಿ ತೀರ್ಮಾನಿಸದೆ, ನಮ್ಮ ಲೆಕ್ಕದಲ್ಲಿ ನೋಡೋಣ.

ವೀಸಾ ಮತ್ತು ವಿಮಾನ

ಮೊದಲು ತಿಳಿಯಬೇಕಾದದ್ದು, ಇವೆರಡಕ್ಕೂ ಬೇರೆ ಬೇರೆ ವೀಸಾ. ಲಂಡನ್ನಿಗೆ ಬ್ರಿಟನ್ನಿನ ವೀಸಾ. ಪ್ಯಾರಿಸ್ಸಿಗೆ ಷೆಂಗೆನ್ ವೀಸಾ. ಒಂದರಲ್ಲಿ ಇನ್ನೊಂದಕ್ಕೆ ಹೋಗುವಂತಿಲ್ಲ. ಎರಡನ್ನೂ ನೋಡುವೆನೆಂದರೆ ಎರಡು ಶುಲ್ಕ, ಎರಡು ಬಾರಿ ಬೆರಳಚ್ಚು. ಷೆಂಗೆನ್ ವೀಸಾದ ಲಾಭವೆಂದರೆ ಅದೊಂದರಲ್ಲೇ ಸ್ವಿಟ್ಜರ್ಲೆಂಡ್, ಇಟಲಿ, ಜರ್ಮನಿ ಸೇರಿ 29 ದೇಶಗಳಿಗೆ ಹೋಗಬಹುದು. ದೊಡ್ಡವರಿಗೆ ಅದರ ಶುಲ್ಕವನ್ನು 2024ರ ಜೂನ್‌ನಲ್ಲಿ 90 ಯೂರೋಗೆ ಏರಿಸಿದರು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆಯೂ ಕಡ್ಡಾಯ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು, ಬ್ರಿಟನ್ನಿನದನ್ನು ಮೂರು ತಿಂಗಳ ಮುಂಚಿನಿಂದ. ಎರಡಕ್ಕೂ ಹೈದರಾಬಾದಿನಲ್ಲೇ ಅರ್ಜಿ ಕೊಡಬಹುದು.

ನಗದು ವ್ಯಾಪಾರದ ನಮ್ಮವರು ಒಂದು ಮಾತು ಗಮನಿಸಬೇಕು. ಅವರು ನೋಡುವುದು ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಆದಾಯ ತೆರಿಗೆ ರಿಟರ್ನ್. ಅರ್ಜಿಗೆ ಮುಂಚೆ ಒಮ್ಮೆಲೇ ಐದು ಲಕ್ಷ ತುಂಬಿದರೆ ಅನುಮಾನಕ್ಕೆ ಎಡೆ. ದಿನದ ಗಲ್ಲಾ ಆರು ತಿಂಗಳು ಕ್ರಮವಾಗಿ ಬ್ಯಾಂಕಿಗೆ ಹೋಗಿದ್ದರೆ ಅದೇ ಒಳ್ಳೆಯ ಸಾಕ್ಷಿ.

ವಿಮಾನದ ವಿಷಯದಲ್ಲಿ ಲಂಡನ್ ಅನುಕೂಲ. ಶಂಷಾಬಾದಿನಿಂದ ಬ್ರಿಟಿಷ್ ಏರ್‌ವೇಸ್‌ನ ನೇರ ವಿಮಾನವಿದೆ. ಪ್ಯಾರಿಸ್ಸಿಗೆ ದೆಹಲಿ, ಮುಂಬೈ, ಬೆಂಗಳೂರು ಅಥವಾ ಕೊಲ್ಲಿ ದೇಶಗಳ ಕಡೆ ಇಳಿದು ಹತ್ತಬೇಕು.

ಊಟ ತಿಂಡಿ

ಎರಡು ಊರಿಗೂ ನಡುವೆ ಯೂರೋಸ್ಟಾರ್ ರೈಲು ಓಡುತ್ತದೆ. ಸುಮಾರು ಎರಡೂಕಾಲು ಗಂಟೆ ದಾರಿ. ಸ್ವಾರಸ್ಯವೆಂದರೆ ಆ ರೈಲಿನ ಎರಡು ತುದಿಯಲ್ಲೂ ನಮ್ಮ ಊಟವಿದೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಸ್ವಲ್ಪ ನಡೆದರೆ ಯೂಸ್ಟನ್ ಹಿಂದಿನ ಡ್ರಮಂಡ್ ಸ್ಟ್ರೀಟ್. 1970ರ ದಶಕದಿಂದಲೂ ಭಾರತೀಯ ಸಸ್ಯಾಹಾರಕ್ಕೆ ಹೆಸರಾದ ಬೀದಿ. ವೆಂಬ್ಲಿ, ಈಸ್ಟ್ ಹ್ಯಾಮ್ ಕಡೆ ಹೋದರೆ ಇಡ್ಲಿ, ದೋಸೆಗೆ ಕೊರತೆಯಿಲ್ಲ. ಪ್ಯಾರಿಸ್ಸಿನಲ್ಲಿ ರೈಲು ನಿಲ್ಲುವ ಗಾರ್ ದ್ಯು ನೋರ್ ಹಿಂದೆ ಲಾ ಶಾಪೆಲ್ ಎಂಬ ಪೇಟೆಯಿದೆ. 1983ರ ನಂತರ ಯುದ್ಧಕ್ಕೆ ಹೆದರಿ ಬಂದ ಶ್ರೀಲಂಕಾ ತಮಿಳರು ಕಟ್ಟಿದ ಪೇಟೆ. ಅಲ್ಲಿ ದೋಸೆ, ಬಾಳೆಹಣ್ಣು, ಹೂವು ಎಲ್ಲ ಸಿಗುತ್ತದೆ. ವಿನಾಯಕನ ಗುಡಿಯೂ ಇದೆ.

ಆದರೆ ಈ ಪೇಟೆ ಬಿಟ್ಟು ಹೊರಗೆ ಬಂದರೆ ವ್ಯತ್ಯಾಸ ತಿಳಿಯುತ್ತದೆ. ಲಂಡನ್ನಿನಲ್ಲಿ ಮೆನು ಇಂಗ್ಲಿಷ್. ಸಸ್ಯಾಹಾರವೆಂದು ಗುರುತು ಹಾಕಿರುತ್ತಾರೆ. ಪ್ಯಾರಿಸ್ಸಿನಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡು. ಆಮೇಲೆ ಅನೇಕ ಕಡೆ ಅಡುಗೆಮನೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಏಳಕ್ಕೆ. ಮೂರು ಗಂಟೆಗೆ ಹಸಿದರೆ ಬೇಕರಿಯೇ ಗತಿ. ಹಾಗೆಂದು ಆ ಬೇಕರಿ ಸಾಮಾನ್ಯವಲ್ಲ. ಅವರ ಬಾಗೆಟ್ ಬ್ರೆಡ್ಡಿನ ಕಸುಬನ್ನು ಯುನೆಸ್ಕೋ 2022ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು.

ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪೇಡ, ಪನೀರ್, ಹಸಿ ಕರಿಬೇವು ಮಾತ್ರ ಎರಡು ಕಡೆಗೂ ಬೇಡ, ಕಸ್ಟಮ್ಸ್‌ನವರು ತೆಗೆದುಕೊಳ್ಳುತ್ತಾರೆ.

ಬಿಲ್ಲಿನಲ್ಲಿ ಕಲಿಯುವುದು

ನಾವು ರಜೆಯಲ್ಲಿದ್ದರೂ ಕಣ್ಣು ಮೊದಲು ಪಕ್ಕದ ಟೇಬಲ್ಲಿನ ಬಿಲ್ಲಿಗೇ ಹೋಗುತ್ತದೆ. ಪ್ಯಾರಿಸ್ಸಿನಲ್ಲಿ ಮೆನುವಿನ ಬೆಲೆಯಲ್ಲೇ ಸರ್ವಿಸ್ ಸೇರಿರಬೇಕೆಂಬುದು ಕಾನೂನು. ಊಟಕ್ಕೆ ಕುಳಿತವರು ಕೇಳಿದರೆ ಜಗ್ಗಿನಲ್ಲಿ ನಲ್ಲಿ ನೀರು ಉಚಿತ. ಲಂಡನ್ನಿನಲ್ಲಿ ಬಿಲ್ಲಿಗೆ ಸಾಮಾನ್ಯವಾಗಿ ಶೇ. 12.5 ಸರ್ವಿಸ್ ಚಾರ್ಜ್ ಸೇರಿಸುತ್ತಾರೆ, ಐಚ್ಛಿಕವಾದರೆ ಬೇಡವೆನ್ನಬಹುದು. ಆ ಹಣ ಪೂರ್ತಿ ಕೆಲಸಗಾರರಿಗೇ ಸೇರಬೇಕೆಂಬ ಕಾನೂನು 2024ರ ಅಕ್ಟೋಬರ್ 1ರಿಂದ ಜಾರಿಯಾಗಿದೆ. ನಮ್ಮಲ್ಲಿ ಸರ್ವಿಸ್ ಚಾರ್ಜ್ ವಿವಾದ 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟಿನ ತೀರ್ಪಿನವರೆಗೆ ಹೋದದ್ದು ನಿಮಗೆ ಗೊತ್ತಿದೆ. ಬೇರೆಯವರು ಅದನ್ನು ಹೇಗೆ ಬಗೆಹರಿಸಿಕೊಂಡರೆಂದು ಕಣ್ಣಾರೆ ನೋಡಬಹುದು.

ಎರಡು ಊರಿಗೂ ಸೇರಿದ ಇಬ್ಬರು ನಮ್ಮ ವೃತ್ತಿಯವರಿದ್ದಾರೆ. ಸ್ವಿಟ್ಜರ್ಲೆಂಡಿನ ರೈತನ ಮಗ ಸೀಸರ್ ರಿಟ್ಜ್ ವೇಟರ್ ಆಗಿ ದುಡಿದು ಮೇಲೆ ಬಂದವರು. ಅಡುಗೆಯ ಎಸ್ಕಾಫಿಯೆ ಜೊತೆಗೂಡಿ ಲಂಡನ್ನಿನ ಸವಾಯ್ ಹೋಟೆಲ್ ನಡೆಸಿ, 1898ರಲ್ಲಿ ಪ್ಯಾರಿಸ್ಸಿನಲ್ಲಿ ರಿಟ್ಜ್ ತೆರೆದರು. ಸಾಸಿಗೆ ಒಬ್ಬ, ಹುರಿಯಲು ಒಬ್ಬ, ತರಕಾರಿಗೆ ಒಬ್ಬ ಎಂದು ಅಡುಗೆಮನೆಯ ಕೆಲಸ ಹಂಚಿ ಹೆಸರಾದವರು ಎಸ್ಕಾಫಿಯೆ. ದೋಸೆಗೆ ಒಬ್ಬ, ಕಾಫಿಗೆ ಒಬ್ಬ ಎನ್ನುವ ನಮಗೆ ಅದು ಹೊಸದೇನಲ್ಲ.

ನೋಡುವುದು, ನಡೆಯುವುದು

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ ಮೊದಲಾದ ದೊಡ್ಡ ಸಂಗ್ರಹಾಲಯಗಳಿಗೆ ಪ್ರವೇಶ ಉಚಿತ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ 2026ರ ಜನವರಿಯಿಂದ ಯುರೋಪಿನ ಹೊರಗಿನವರಿಗೆ 32 ಯೂರೋ, ಮಂಗಳವಾರ ರಜೆ. ಐಫೆಲ್ ಗೋಪುರ, 2019ರ ಬೆಂಕಿಯ ನಂತರ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ ನೋತ್ರ್ ದಾಮ್ ಚರ್ಚು, ಸೇನ್ ನದಿಯ ದೋಣಿ ಇವುಗಳ ಸೊಗಸು ಪ್ಯಾರಿಸ್ಸಿಗೇ ಸರಿ. ಲಂಡನ್ನಿನಲ್ಲಿ ಕನ್ನಡಿಗರು ತಪ್ಪದೆ ನೋಡಬೇಕಾದದ್ದು ಥೇಮ್ಸ್ ದಡದ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಅನಾವರಣವಾದ ಅದು ನದಿಯಾಚೆಯ ಪಾರ್ಲಿಮೆಂಟಿಗೆ ಸಮೀಪದಲ್ಲಿದೆ. ಲಿಂಗಂಪಲ್ಲಿಯವರಿಗೆ ಇನ್ನೊಂದು ನಂಟೂ ಉಂಟು: ಗೋಲ್ಕೊಂಡ ಸೀಮೆಯ ವಜ್ರವೆಂದು ಹೆಸರಾದ ಕೊಹಿನೂರು ಟವರ್ ಆಫ್ ಲಂಡನ್‌ನಲ್ಲಿದೆ.

ನಿಂತು ನಿಂತು ಮೊಣಕಾಲು ಸವೆಸಿಕೊಂಡ ನಮ್ಮವರಿಗೆ ಒಂದು ಸೂಚನೆ. ಎರಡೂ ಊರಿನ ನೆಲದಡಿಯ ರೈಲು ನೂರು ವರ್ಷಕ್ಕೂ ಹಳೆಯದು, ಬಹಳ ಕಡೆ ಮೆಟ್ಟಿಲೇ ಮೆಟ್ಟಿಲು. ಬಸ್ಸು ಹತ್ತಿ, ಊರೂ ಕಾಣುತ್ತದೆ.

ನನ್ನ ತೀರ್ಮಾನ

ಮೊದಲ ಸಲ ಹೋಗುವವರು, ವಯಸ್ಸಾದ ತಂದೆ ತಾಯಿಯನ್ನು ಕರೆದೊಯ್ಯುವವರು ಲಂಡನ್ನನ್ನೇ ಆರಿಸಿಕೊಳ್ಳಿ. ಪೌಂಡು ಯೂರೋಗಿಂತ ದುಬಾರಿ, ನಿಜ. ಆದರೆ ನೇರ ವಿಮಾನ, ತಿಳಿಯುವ ಭಾಷೆ, ಸುಲಭವಾಗಿ ಸಿಗುವ ಸಸ್ಯಾಹಾರ ಇವುಗಳಿಂದ ಮನಸ್ಸಿಗೆ ನೆಮ್ಮದಿ. ಮನೆಯಾಕೆಗೂ ಅಲ್ಲಿ ಅಡುಗೆಯ ಚಿಂತೆ ಇರಬಾರದಲ್ಲ! ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ, ಅದೇ ವೀಸಾದಲ್ಲಿ ಸ್ವಿಟ್ಜರ್ಲೆಂಡನ್ನೂ ನೋಡುವ ಆಸೆಯಿದ್ದರೆ ಪ್ಯಾರಿಸ್ ಸರಿ.

ಕೇಟರಿಂಗ್‌ನವರಿಗೆ ಆಷಾಢವೇ ತಕ್ಕ ಕಾಲ. ನಮ್ಮಲ್ಲಿ ಮದುವೆಯಿಲ್ಲ, ಅಲ್ಲಿ ರಾತ್ರಿ ಒಂಬತ್ತಾದರೂ ಬೆಳಕು. ದರ ಸ್ವಲ್ಪ ಹೆಚ್ಚಿರುವುದರಿಂದ ಯುಗಾದಿ ಹೊತ್ತಿಗೇ ಟಿಕೆಟ್ಟಿನ ಕೆಲಸ ಶುರು ಮಾಡಬೇಕು. ಆಗಸ್ಟಿನಲ್ಲಿ ಪ್ಯಾರಿಸ್ ಬೇಡ. ಅಲ್ಲಿನ ಅನೇಕ ಸಣ್ಣ ಹೋಟೆಲಿನವರು ಆ ತಿಂಗಳು ಬಾಗಿಲು ಹಾಕಿ ತಾವೇ ರಜೆಗೆ ಹೋಗುತ್ತಾರೆ!

ಈ ರಜೆಯ ವಿಷಯದಲ್ಲೇ ನಾವು ಕಲಿಯುವುದು ಹೆಚ್ಚು. ಪ್ಯಾರಿಸ್ಸಿನ ಬೇಕರಿಯವರು ಬೇಸಿಗೆ ರಜೆಯನ್ನು ಪಾಳಿಯಲ್ಲಿ ತೆಗೆದುಕೊಳ್ಳಬೇಕೆಂಬ ನಿಯಮ 2014ರವರೆಗೂ ಇತ್ತು. ಕೆಲವರಿಗೆ ಜುಲೈ, ಕೆಲವರಿಗೆ ಆಗಸ್ಟ್. ಬೀದಿಗೆ ಬ್ರೆಡ್ಡೂ ತಪ್ಪಲಿಲ್ಲ, ಮಾಲೀಕನಿಗೆ ರಜೆಯೂ ತಪ್ಪಲಿಲ್ಲ. ನಮಗೆ ಕಾನೂನಿನ ಅಗತ್ಯವಿಲ್ಲ. ಒಬ್ಬರು ಹೊರಟಾಗ ನೆರೆಯ ಸದಸ್ಯರು ದಿನಕ್ಕೊಂದು ಗಂಟೆ ಬಂದು ಗಲ್ಲಾ, ಉಗ್ರಾಣ ನೋಡಿಕೊಂಡರೆ ಸಾಕು. ಮರುವರ್ಷ ಇವರ ಸರದಿ. ಸಂಘದ ಮುಂದಿನ ಸಭೆಯಲ್ಲಿ ಈ ಪಾಳಿಯ ಪಟ್ಟಿಯೊಂದನ್ನು ಮಾಡಬೇಕೆಂದು ವಿನಂತಿ. ಊರು ಯಾವುದೆಂಬ ಆಯ್ಕೆ ಆಮೇಲೆ ಸುಲಭ.