ಕಿವಿಗೊಡುವ ಸರ್ಕಾರ

ಸರ್ಕಾರವು ಪ್ರಜೆಗಳ ಮೊರೆಗೆ ಕಿವಿಗೊಡಬೇಕೆಂದು ನಾವು ಎಷ್ಟೋ ಸಲ ಬಿನ್ನವಿಸಿಕೊಂಡಿದ್ದೇವೆ. ಪ್ರಜೆಗಳು ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತಿಗೂ ಅದು ಕಿವಿಯೊಡ್ಡಲಿ ಎಂಬುದು ನಮ್ಮ ಬಿನ್ನಹವಾಗಿರಲಿಲ್ಲ. ಈ ಎರಡನೆಯ ಬಗೆಯ ಆಲಿಸುವಿಕೆಯಲ್ಲಿ ನಮ್ಮ ಸರ್ಕಾರಗಳು ತೋರಿರುವ ಶ್ರದ್ಧೆಯು ಮೊದಲನೆಯದರಲ್ಲಿ ಕಂಡುಬಾರದಿರುವುದು ಶೋಚನೀಯ.

ಕರ್ಣಾಟಕದವರಿಗೆ ಈ ವಿಷಯವು ಹೊಸದಲ್ಲ. 1988ನೆಯ ಇಸವಿಯ ಆಗಸ್ಟಿನಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಯನ್ನು ತ್ಯಜಿಸಿದ್ದು ಟೆಲಿಫೋನು ಕದ್ದಾಲಿಕೆಯ ಆರೋಪದಿಂದ. 2019ರಲ್ಲಿ ಅದೇ ತೆರನಾದ ಆರೋಪವು ನಮ್ಮ ರಾಜ್ಯದಲ್ಲಿ ಮತ್ತೆ ತಲೆಯೆತ್ತಿ, ತನಿಖೆಯನ್ನು ಕೇಂದ್ರ ತನಿಖಾದಳಕ್ಕೆ ಒಪ್ಪಿಸಬೇಕಾಯಿತು. ಯಾರು ಎಷ್ಟು ತಪ್ಪಿತಸ್ಥರೆಂಬ ಜಗಳಕ್ಕೆ ನಾವು ಇಳಿಯುವುದಿಲ್ಲ. ಪಕ್ಷಗಳು ಬದಲಾದರೂ ದೂರು ಬದಲಾಗಲಿಲ್ಲವೆಂಬುದಷ್ಟೇ ನಮಗೆ ಮುಖ್ಯ.

ದೋಷದ ಬೇರು ಕಾಯಿದೆಯಲ್ಲಿಯೇ ಇದೆ. 1885ರಲ್ಲಿ ಪರಕೀಯ ಪ್ರಭುತ್ವವು ರಚಿಸಿದ ತಂತಿ ಕಾಯಿದೆಯು, ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷೆಯ ನಿಮಿತ್ತದಿಂದ ಸಂದೇಶಗಳನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಪರಕೀಯರು ಹೋದರು, ಆ ಎರಡು ಪದಗಳು ಹೋಗಲಿಲ್ಲ. ಸ್ವತಂತ್ರ ಭಾರತದ ಪಾರ್ಲಿಮೆಂಟು 2023ರಲ್ಲಿ ಅಂಗೀಕರಿಸಿದ ದೂರಸಂಪರ್ಕ ಕಾಯಿದೆಯಲ್ಲಿಯೂ ಅವು ಸುಖವಾಗಿ ನೆಲೆಸಿವೆ. ರಾಜ್ಯಾಂಗ ರಚನಾಸಭೆಯಲ್ಲಿ 1947ರಲ್ಲಿಯೇ ಶ್ರೀ ಸೋಮನಾಥ ಲಾಹಿರಿಯವರು ಪತ್ರವ್ಯವಹಾರದ ಗೋಪ್ಯತೆಯನ್ನು ಮೂಲಭೂತ ಹಕ್ಕಾಗಿ ಮಾಡಬೇಕೆಂದು ಸೂಚಿಸಿದ್ದುಂಟು. ಅದು ಅಂಗೀಕೃತವಾಗಲಿಲ್ಲ.

1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ನಾಗರಿಕ ಸ್ವಾತಂತ್ರ್ಯ ಜನತಾ ಒಕ್ಕೂಟದವರು ತಂದ ವ್ಯಾಜ್ಯದಲ್ಲಿ, ಈ ಅಧಿಕಾರಕ್ಕೆ ಒಂದು ಬೇಲಿಯನ್ನು ಹಾಕಿತು. ಆಜ್ಞೆಯನ್ನು ಗೃಹ ಕಾರ್ಯದರ್ಶಿಯೇ ಹೊರಡಿಸಬೇಕು; ಅದು ಎರಡು ತಿಂಗಳಿಗೆ ಮುಗಿಯಬೇಕು; ಮುಂದುವರಿಸಿದರೂ ಒಟ್ಟು ಆರು ತಿಂಗಳನ್ನು ಮೀರಕೂಡದು; ಪ್ರತಿಯೊಂದು ಆಜ್ಞೆಯನ್ನೂ ಪುನರ್ವಿಮರ್ಶೆಯ ಸಮಿತಿಯೊಂದು ನೋಡಬೇಕು. ಕಾಗದದ ಮೇಲೆ ಇದು ಸಮರ್ಪಕವಾಗಿಯೇ ತೋರುತ್ತದೆ. ಆದರೆ ಆ ಸಮಿತಿಯಲ್ಲಿ ಯಾರಿದ್ದಾರೆ? ರಾಜ್ಯದ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಗೃಹ ಇಲಾಖೆಯ ಹೊರತು ಮತ್ತೊಂದು ಇಲಾಖೆಯ ಕಾರ್ಯದರ್ಶಿ. ಒಂದೇ ಸರ್ಕಾರದ ಸೇವೆಯಲ್ಲಿರುವ ಅಧಿಕಾರಿಯೊಬ್ಬರ ರುಜುವನ್ನು ಅವರ ಸಹೋದ್ಯೋಗಿಗಳೇ ಪರಿಶೀಲಿಸುವ ಏರ್ಪಾಟಿದು. ನಮ್ಮ ಓದುಗರಲ್ಲಿ ಅನೇಕರು ಸರ್ಕಾರಿ ಕಛೇರಿಗಳ ರೀತಿಯನ್ನು ಬಲ್ಲವರು. ಇಂತಹ ಪರಿಶೀಲನೆಯ ಕಟ್ಟುನಿಟ್ಟು ಎಷ್ಟೆಂಬುದನ್ನು ನಾವು ಅವರಿಗೆ ವಿವರಿಸಬೇಕಾಗಿಲ್ಲ. ನ್ಯಾಯಾಧೀಶರ ಪೂರ್ವಾನುಮತಿ ಬೇಕೆಂಬ ವಾದವನ್ನು ನ್ಯಾಯಾಲಯವು ಅಂದು ಒಪ್ಪಲಿಲ್ಲ, ಕಾಯಿದೆಯಲ್ಲಿ ಅದಕ್ಕೆ ಅವಕಾಶವಿರಲಿಲ್ಲವೆಂದು. 2024ರ ಹೊಸ ನಿಯಮಗಳಲ್ಲಿಯೂ ಆ ಅವಕಾಶವನ್ನು ಕಲ್ಪಿಸಿಲ್ಲ. ಯಾರ ಮಾತನ್ನು ಆಲಿಸಲಾಯಿತೋ ಅವನಿಗೆ ತಿಳಿಸಬೇಕೆಂಬ ಕಟ್ಟಳೆಯೂ ಇಲ್ಲ. ತಿಳಿಯದವನು ದೂರು ಕೊಡುವುದೆಂತು?

ಬಾಂಬು ಇಡುವವರನ್ನೂ ಮಕ್ಕಳನ್ನು ಅಪಹರಿಸುವವರನ್ನೂ ಹಿಡಿಯಲು ಪೋಲೀಸಿನವರಿಗೆ ಈ ಸಾಧನವು ಅವಶ್ಯಕವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲವಷ್ಟೆ. 2019ರಲ್ಲಿ ಬೊಂಬಾಯಿಯ ಉಚ್ಚ ನ್ಯಾಯಾಲಯವು ಲಂಚದ ಮೊಕದ್ದಮೆಯೊಂದರಲ್ಲಿ ಹೊರಡಿಸಿದ್ದ ಕದ್ದಾಲಿಕೆಯ ಆಜ್ಞೆಗಳನ್ನು ರದ್ದುಮಾಡಿ, ಸಂಗ್ರಹಿಸಿದ ಸಂಭಾಷಣೆಗಳನ್ನು ನಾಶಪಡಿಸಬೇಕೆಂದು ವಿಧಿಸಿತು. ಅಪರಾಧವು ಎಂತಹುದೇ ಆಗಲಿ, ಸಾರ್ವಜನಿಕ ಸುರಕ್ಷೆಗೆ ಅಲ್ಲಿ ಭಂಗವೇನೂ ಇರಲಿಲ್ಲವೆಂಬುದು ಅದರ ಅಭಿಪ್ರಾಯ.

ಖಾಸಗಿ ಬಾಳು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಭತ್ತು ಮಂದಿ ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಸಾರಿದರು. ಆ ವ್ಯಾಜ್ಯವನ್ನು ಹೂಡಿದವರು ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಶ್ರೀ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆ ಹೆಮ್ಮೆಗೆ ತಕ್ಕಂತೆ ವಿಧಾನಸೌಧವು ನಡೆದುಕೊಳ್ಳುತ್ತಿದೆಯೇ?

ಕಾಯಿದೆಯನ್ನು ತಿದ್ದುವುದು ದೆಹಲಿಯ ಕೆಲಸವೆಂದು ನಮ್ಮ ಮಂತ್ರಿಗಳು ಉತ್ತರಿಸಬಹುದು. ನಿಜವೇ. ಆದರೆ ಒಂದು ವರ್ಷದಲ್ಲಿ ಗೃಹ ಕಾರ್ಯದರ್ಶಿಗಳು ಎಷ್ಟು ಆಜ್ಞೆಗಳಿಗೆ ರುಜು ಹಾಕಿದರು, ಎಷ್ಟನ್ನು ಮುಂದುವರಿಸಿದರು, ಸಮಿತಿಯು ಎಷ್ಟನ್ನು ತಳ್ಳಿಹಾಕಿತು ಎಂಬ ಅಂಕಿಗಳನ್ನು ಶಾಸನಸಭೆಯ ಮುಂದಿಡಲು ದೆಹಲಿಯ ಅಪ್ಪಣೆಯೇನೂ ಬೇಕಿಲ್ಲ. ಹೆಸರುಗಳನ್ನು ನಾವು ಕೇಳುತ್ತಿಲ್ಲ. ಮೂರು ಸಂಖ್ಯೆಗಳನ್ನು ಮಾತ್ರ ಕೇಳುತ್ತಿದ್ದೇವೆ. ಮುಂದಿನ ಅಧಿವೇಶನದಲ್ಲಿ, ಯಾವ ಪಕ್ಷದವರೇ ಆಗಲಿ, ಸದಸ್ಯರೊಬ್ಬರು ಈ ಪ್ರಶ್ನೆಯನ್ನು ಹಾಕಲಿ.