ಆಳನ್ನು ಆರಿಸುವ ಬಗೆ

ಮನೆಗೊಂದು ಬಿಂದಿಗೆಯನ್ನು ಕೊಳ್ಳುವಾಗ ನಾವು ಅದನ್ನು ತಟ್ಟಿ ನೋಡುವೆವು. ನೀರು ತುಂಬಿ, ಸೋರುವುದೇ ಎಂದು ಪರೀಕ್ಷಿಸುವೆವು. ಆದರೆ ಅಂಗಡಿಯ ಲೆಕ್ಕವನ್ನೂ ಬೀಗದ ಕೈಯನ್ನೂ ಒಪ್ಪಿಸತಕ್ಕ ಮನುಷ್ಯನನ್ನು ಆರಿಸುವಾಗ, "ಯಾರ ಕಡೆಯವನು?" ಎಂಬ ಒಂದೇ ಪ್ರಶ್ನೆಯಿಂದ ತೃಪ್ತರಾಗುವುದುಂಟು.

ಈ ತಪ್ಪಿನಲ್ಲಿ ನಮಗೂ ಪಾಲುಂಟು. ಹಿಂದೊಮ್ಮೆ ವರ್ತಕರೊಬ್ಬರು ಲೆಕ್ಕ ಬರೆಯಲು ಹುಡುಗನೊಬ್ಬನು ಬೇಕೆನ್ನಲು, ನಮ್ಮ ಇಬ್ಬರು ಶಿಷ್ಯರಲ್ಲಿ ಸೊಗಸಾಗಿ ಮಾತನಾಡಬಲ್ಲವನಿಗೆ ಶಿಫಾರಸು ಪತ್ರವನ್ನು ಕೊಟ್ಟೆವು. ಇನ್ನೊಬ್ಬನು ಬಡವನು, ಮಾತಿನಲ್ಲಿ ತೊದಲುವವನು. ಲೆಕ್ಕದಲ್ಲಿ ಮಾತ್ರ ಎಂದೂ ತಪ್ಪದವನು. ವರ್ಷ ತುಂಬುವುದರೊಳಗೆ ಅಂಗಡಿಯ ಲೆಕ್ಕವೆಲ್ಲ ಅಸ್ತವ್ಯಸ್ತವಾಯಿತು. ವರ್ತಕರ ನಷ್ಟವು ಹೇಗೋ ತುಂಬಿತು. ಕೆಲಸ ಸಿಕ್ಕದೆ ಊರನ್ನೇ ಬಿಟ್ಟುಹೋದ ಆ ಬಡ ಹುಡುಗನ ನಷ್ಟವನ್ನು ತುಂಬುವುದು ನಮ್ಮಿಂದಾಗಲಿಲ್ಲ.

ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಮಾತ್ಯರ ಪರೀಕ್ಷೆಗೆಂದೇ ಒಂದು ಪ್ರಕರಣವಿದೆ. ಧರ್ಮ, ಅರ್ಥ, ಕಾಮ, ಭಯವೆಂದು ಪರೀಕ್ಷೆಗಳು ನಾಲ್ಕು. ಧನದ ಆಮಿಷಕ್ಕೆ ಬಗ್ಗದವನಿಗೆ ಕೋಶದ ಕೆಲಸ. ಧರ್ಮದ ಪರೀಕ್ಷೆಯಲ್ಲಿ ಶುದ್ಧನಾದವನಿಗೆ ನ್ಯಾಯದ ಕೆಲಸ. ಗುಟ್ಟಾಗಿ ಆಮಿಷವೊಡ್ಡುವ ಆ ಉಪಾಯವು ಗೃಹಸ್ಥರಿಗೆ ಒಪ್ಪತಕ್ಕದ್ದಲ್ಲ. ನಿರ್ದೋಷಿಯನ್ನು ಪರೀಕ್ಷೆಯಿಂದಲೇ ಕೆಡಿಸಬಾರದೆಂದು ಕೌಟಿಲ್ಯನೂ ಎಚ್ಚರಿಸಿರುವನು. ಕೆಲಸಕ್ಕೆ ತಕ್ಕ ಪರೀಕ್ಷೆಯಿರಬೇಕೆಂಬ ತತ್ತ್ವವನ್ನು ಮಾತ್ರ ನಾವು ಗ್ರಹಿಸಬೇಕು.

ಈ ತತ್ತ್ವವನ್ನು ಇಂದಿನ ಶಾಸ್ತ್ರವೂ ಸಮರ್ಥಿಸುವುದು. ಅಮೆರಿಕದ ಶ್ಮಿಟ್ ಮತ್ತು ಹಂಟರ್ ಎಂಬ ಮನಶ್ಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಗಳನ್ನು 1998ರಲ್ಲಿ ಒಟ್ಟುಗೂಡಿಸಿ ನೋಡಿದರು. ಮನಬಂದಂತೆ ನಡೆಸುವ ಸಂದರ್ಶನಕ್ಕಿಂತ, ಕ್ರಮಬದ್ಧವಾದ ಸಂದರ್ಶನವೂ ಕೆಲಸವನ್ನೇ ಮಾಡಿಸಿ ನೋಡುವ ಪರೀಕ್ಷೆಯೂ ಮೇಲೆಂದು ಅವರಿಗೆ ಕಂಡುಬಂದಿತು.

ಆದುದರಿಂದ ವ್ಯಾಪಾರ ಚಿಕ್ಕದಿರಲಿ ದೊಡ್ಡದಿರಲಿ, ಕ್ರಮವು ಇಂತಿರಲಿ. ಮೊದಲು, ಆಗಬೇಕಾದ ಕೆಲಸವೇನು, ಅದಕ್ಕೆ ಬೇಕಾದ ಗುಣಗಳೇನು ಎಂಬುದನ್ನು ಕಾಗದದ ಮೇಲೆ ಬರೆಯಬೇಕು. ಎರಡನೆಯದಾಗಿ, ಕೆಲಸ ಖಾಲಿಯಿರುವುದನ್ನು ನೆಂಟರಿಗಷ್ಟೇ ಅಲ್ಲದೆ ಎಲ್ಲರಿಗೂ ತಿಳಿಸಬೇಕು. ಮೂರನೆಯದಾಗಿ, ಬಂದವರೆಲ್ಲರಿಗೂ ಅವೇ ಪ್ರಶ್ನೆಗಳನ್ನು ಕೇಳಿ, ಇಬ್ಬರು ಬೇರೆ ಬೇರೆಯಾಗಿ ಅಂಕವಿಟ್ಟು, ಆಮೇಲೆ ಕೂಡಿ ನೋಡಬೇಕು. ನಾಲ್ಕನೆಯದಾಗಿ, ಲೆಕ್ಕದವನಿಂದ ಒಂದು ದಿನದ ಲೆಕ್ಕವನ್ನು ಬರೆಯಿಸಬೇಕು. ಮಾರುವವನಿಂದ ಸರಕನ್ನು ತೋರಿಸಿ ಹೇಳಿಸಬೇಕು. ಕೊನೆಗೆ, ಹಿಂದಿನ ಯಜಮಾನರನ್ನು ವಿಚಾರಿಸಿ, ಸಂಬಳವನ್ನು ಸ್ಪಷ್ಟವಾಗಿ ಹೇಳಿ, ಕೆಲವು ತಿಂಗಳ ಗಡುವಿನ ಮೇಲೆ ನೇಮಿಸಬೇಕು. ಆಯ್ಕೆಯಾಗದವರಿಗೂ ಒಂದು ಮಾತು ಬರೆದು ತಿಳಿಸುವುದು ಸೌಜನ್ಯ.

ಇಷ್ಟೆಲ್ಲ ಏತಕ್ಕೆಂದು ವಾಚಕರು ಕೇಳಬಹುದು. ಬಾಗಿಲಲ್ಲಿ ನಿಂತವನ ಹಿಂದೆ ಒಂದು ಸಂಸಾರವು ಒಲೆ ಹೊತ್ತಿಸಲು ಕಾದಿರುವುದು. ಅಂದು ಒಂದು ಹಾಳೆ ಲೆಕ್ಕವನ್ನು ಇಬ್ಬರಿಂದಲೂ ಬರೆಯಿಸಿದ್ದರೆ ಅರ್ಧ ಗಂಟೆಯೂ ಹಿಡಿಯುತ್ತಿರಲಿಲ್ಲ. ತೊದಲುವ ನಾಲಗೆಯ ಪರವಾಗಿ ಆ ಹಾಳೆಯೇ ಮಾತನಾಡುತ್ತಿತ್ತು.