ಕೆಂಪು ತಲೆಗೆ ಹಸಿರು ಕಾಲು: ಹೊಲಿಗೆ ಅಂಗಡಿಯಲ್ಲಿ ಕಳ್ಳಿಯ ಕಸಿ

ತುಮಕೂರು: ಅಂಗಡಿ ಬಾಗಿಲು ತೆಗೆದು ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗುವವರ ಮೇಜಿನ ಮೇಲೆ ಈಚೆಗೆ ಗಣಪತಿ ಪಟದ ಪಕ್ಕದಲ್ಲೇ ಇನ್ನೊಂದು ವಸ್ತು ಕಾಣುತ್ತದೆ. ಅಂಗೈಯಗಲದ ಕುಂಡ, ಅದರಲ್ಲೊಂದು ಮೂರು ಮೂಲೆಯ ಹಸಿರು ಕಾಂಡ, ಕಾಂಡದ ತುದಿಗೆ ಕುಂಕುಮದ ಉಂಡೆಯಂಥ ಕೆಂಪು ತಲೆ. ಗಿರಾಕಿಗಳು ಚಿಲ್ಲರೆಗೆ ಕೈಚಾಚುವ ಮೊದಲು, "ಇದೇನ್ರೀ, ಪ್ಲಾಸ್ಟಿಕ್ಕಾ?" ಅಂತ ಮುಟ್ಟಿ ನೋಡಿ ಮುಳ್ಳು ಚುಚ್ಚಿಸಿಕೊಳ್ಳುತ್ತಾರೆ.

ಪ್ಲಾಸ್ಟಿಕ್ ಅಲ್ಲ, ಜೀವವಿರುವ ಕಳ್ಳಿ. ಅದೂ ಒಂದಲ್ಲ, ಒಂದರ ಮೇಲೊಂದು ಕೂತ ಎರಡು.

ಬಸ್ ನಿಲ್ದಾಣದ ಬಳಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಒಬ್ಬರು ಇಂಥದೊಂದನ್ನು 150 ರೂ. ಕೊಟ್ಟು ತಂದರು. "ಕಳ್ಳಿ ಸಾಮೀ, ಸಾಯಿಸಬೇಕು ಅಂದ್ರೂ ಸಾಯಲ್ಲ" ಎಂದಿದ್ದ ಮಾರಿದವನು. ದಿನಾ ಬೆಳಿಗ್ಗೆ ಒಂದು ಲೋಟ ನೀರು ಹಾಕಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಬುಡ ಕೊಳೆತ ಸೌತೆಕಾಯಿಯಾಯಿತು. ತಲೆ ಇನ್ನೂ ಗಟ್ಟಿಯಾಗಿತ್ತು. ಅದನ್ನು ಬಿಡಿಸಿ ಮಣ್ಣಿಗೆ ಊರಿದರು. ಕೆಲವೇ ವಾರಗಳಲ್ಲಿ ಅದೂ ಸುಕ್ಕಿತು.

ಅಲ್ಲಿಗೆ ಬಿಡುತ್ತಿದ್ದರೇನೋ. ಆದರೆ ಮಗಳು ಗಾರ್ಮೆಂಟ್ಸ್ ಕೆಲಸದ ಮೊದಲ ಸಂಬಳದಲ್ಲಿ ಅಪ್ಪನಿಗೆಂದು ಇನ್ನೊಂದು ಕೆಂಪು ಕಳ್ಳಿ ತಂದಿಟ್ಟಳು. ಒಂದು ದಿನ ಅದರ ಬುಡವೂ ಮೆತ್ತಗಾಯಿತು. 150 ರೂಪಾಯಿ ಹೋದರೆ ಹೋಗಲಿ, ಮಗಳ ಮೊದಲ ಸಂಬಳದ ಗಿಡ ಹೋಗಬಾರದು ಎಂದು ಅವರು ಕಸಿ ವಿದ್ಯೆಗೆ ಕೈಹಾಕಿದರು.

ಬಣ್ಣ ಉಂಟು, ಬೇಯಿಸುವ ಶಕ್ತಿ ಇಲ್ಲ

ಗಿಡ ತನ್ನ ಅನ್ನ ತಾನೇ ಬೇಯಿಸಿಕೊಳ್ಳುವುದು ಪತ್ರಹರಿತ್ತಿನಿಂದ, ಅಂದರೆ ಮೈಯ ಹಸಿರಿನಿಂದ. ಕೆಂಪು ತಲೆಗೆ ಆ ಹಸಿರೇ ಇಲ್ಲ. ಇದರ ಮೂಲ ಜಾತಿ ದಕ್ಷಿಣ ಅಮೆರಿಕದ ಪರಾಗ್ವೆ ಕಡೆಯದು. 1940ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಬೀಜದಿಂದ ಎದ್ದ ಸಸಿಗಳ ನಡುವೆ ಹಸಿರಿಲ್ಲದ ಕೆಂಪು ಮರಿಗಳು ಕಂಡವು. ತಾವಾಗಿ ಬದುಕಲಾರದ ಅವನ್ನು ಬೇರೆ ಕಳ್ಳಿಯ ಮೇಲೆ ಕಸಿ ಕಟ್ಟಿ ಉಳಿಸಿದರು. ಮೂನ್ ಕ್ಯಾಕ್ಟಸ್ ಎಂಬ ಹೆಸರಲ್ಲಿ ಇಂದು ಊರೂರಿಗೆ ಬರುತ್ತಿರುವುದು ಅದರ ಸಂತಾನವೇ.

ಕೆಳಗಿನ ಹಸಿರು ಕಾಂಡ ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಬಳ್ಳಿ. ಅದೂ ಕಳ್ಳಿಯ ಜಾತಿಯೇ, ಆದರೆ ಮರಳುಗಾಡಿನದಲ್ಲ, ಕಾಡಿನಲ್ಲಿ ಮರ ಹತ್ತುವ ಬಳ್ಳಿ. ಕೆಳಗಿನವನು ದುಡಿಯಬೇಕು, ಮೇಲಿನವನು ಕೂತು ಉಣ್ಣಬೇಕು. ದುಡಿಯುವವನು ಬಿದ್ದರೆ ಇಬ್ಬರಿಗೂ ಉಪವಾಸ. ಮಣ್ಣಿಗೆ ಊರಿದ ತಲೆ ಸತ್ತದ್ದು ಇದಕ್ಕೇ.

ಕತ್ತರಿ ಕೈಗೆ ಒಗ್ಗಿದ ವಿದ್ಯೆ

ಹೊಸ ಕಾಲಿಗೆ ಹೊಲಿಗೆಯವರು ದೂರ ಹೋಗಬೇಕಾಗಲಿಲ್ಲ. ಪಕ್ಕದ ಹಿರೇಹಳ್ಳಿಯ ತೋಟಗಾರಿಕಾ ಕೇಂದ್ರದಲ್ಲಿ ಡ್ರ್ಯಾಗನ್ ಫ್ರೂಟ್ ಬಗ್ಗೆ ಸಂಶೋಧನೆಯೇ ನಡೆದಿದೆ. ಜಿಲ್ಲೆಯ ರೈತರೂ ಬೆಳೆಯುತ್ತಾರೆ. ತೋಟದವರು ಸವರಿ ಬಿಸಾಕಿದ ತುಂಡುಗಳನ್ನು ಕೇಳಿ ತಂದರು. ಕಾಸು ಖರ್ಚಿಲ್ಲ.

ಕಸಿಯ ಕ್ರಮ ಹೀಗೆ. ಹೊಸ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬೇರು ಬಿಟ್ಟ ಕಾಂಡದ ತುದಿಯನ್ನು ಒಂದೇ ಎಳೆತಕ್ಕೆ ಮಟ್ಟಸವಾಗಿ ಕತ್ತರಿಸಬೇಕು. ಮೂರು ಅಂಚುಗಳನ್ನು ಸ್ವಲ್ಪ ಓರೆಯಾಗಿ ಸವರಬೇಕು. ಇಲ್ಲದಿದ್ದರೆ ಒಣಗುವಾಗ ನಡುಭಾಗ ತಗ್ಗಿ ತಲೆ ಎತ್ತಿಕೊಳ್ಳುತ್ತದೆ. ಕೆಂಪು ತಲೆಯ ಬುಡವನ್ನೂ ಹಾಗೇ ಕತ್ತರಿಸಬೇಕು. ಕಂದು ಕಲೆ ಕಂಡರೆ ಅದು ಪೂರ್ತಿ ಹೋಗುವ ತನಕ ಮೇಲೆ ಮೇಲೆ ಕೊಯ್ಯಬೇಕು.

ಕೊಯ್ದ ಎರಡು ಮುಖದಲ್ಲೂ ನಡುವೆ ಒಂದು ಸಣ್ಣ ಉಂಗುರ ಕಾಣುತ್ತದೆ. ನೀರು, ಆಹಾರ ಓಡುವ ನಾಳಗಳು ಅಲ್ಲಿವೆ. ಎರಡು ಉಂಗುರಗಳು ಎಲ್ಲಾದರೂ ಒಂದನ್ನೊಂದು ಮುಟ್ಟಲೇಬೇಕು. "ಗುಂಡಿ ಒಂದು ಕಡೆ, ಕಾಜ ಒಂದು ಕಡೆ ಆದ್ರೆ ಅಂಗಿ ಕೂರುತ್ತಾ?" ಎನ್ನುತ್ತಾರೆ ಹೊಲಿಗೆಯವರು. ಆಮೇಲೆ ಕುಂಡದ ತಳ ಬಳಸಿ ಅಡ್ಡಡ್ಡ ಎರಡು ರಬ್ಬರ್ ಬ್ಯಾಂಡ್ ಬಿಗಿದು, ಎಂಟು ಹತ್ತು ದಿನ ನೆರಳಲ್ಲಿಡಬೇಕು. ಗಾಯಕ್ಕೆ ಹನಿ ನೀರೂ ತಾಗಬಾರದು. ಮಳೆಗಾಲ ಇದಕ್ಕೆ ಆಗದು, ಬೆಚ್ಚಗಿನ ಒಣ ದಿನಗಳೇ ಸರಿ.

ಮಣ್ಣಿಲ್ಲದೆ ಬೇರು

ಹೆಚ್ಚು ಜನ ಸೋಲುವುದು ನೀರು ಹಾಕುವುದರಲ್ಲಿ. ಕುಂಡದೊಳಗೆ ಬೇರು ಏನಾಗುತ್ತಿದೆ ಎಂದು ಕಣ್ಣಿಗೆ ಕಾಣದು. ಅದಕ್ಕೇ ಕೆಲವರು ಕಾಲುಗಿಡವನ್ನು ಬಾಟಲಿ ನೀರಿನಲ್ಲೇ ಬೆಳೆಸುತ್ತಾರೆ. ಕಳ್ಳಿಗೂ ನೀರಿಗೂ ಎತ್ತಣಿಂದೆತ್ತ ಸಂಬಂಧ ಅನ್ನಬಹುದು. ಆದರೆ ಬೇರು ಕೊಳೆಯುವುದು ಬರೀ ನೀರಿನಿಂದಲ್ಲ, ಗಾಳಿಯಿಲ್ಲದ ಕೆಸರಿನಿಂದ.

ಗೇಣುದ್ದದ ಬಳ್ಳಿ ತುಂಡನ್ನು ಒಂದು ವಾರ ನೆರಳಲ್ಲಿಟ್ಟು ಗಾಯ ಒಣಗಿಸಬೇಕು. ಆಮೇಲೆ ಬಾಟಲಿ ಬಾಯಲ್ಲಿ ನಿಲ್ಲಿಸಿ, ಬುಡ ಮಾತ್ರ ನೀರಿಗೆ ತಾಗುವಂತೆ ಇಡಬೇಕು. ಪಾಚಿ ಕಟ್ಟದಂತೆ ಬಾಟಲಿಗೆ ಕಪ್ಪು ಕಾಗದ ಸುತ್ತಬೇಕು. ಕೆಲವು ವಾರಗಳಲ್ಲಿ ಬಿಳಿ ಬೇರು ಇಳಿಯುತ್ತದೆ. ಬೇರು ಉದ್ದವಾದಂತೆ ನೀರಿನ ಮಟ್ಟ ಇಳಿಸಿ, ಅರ್ಧ ಬೇರು ಗಾಳಿಯಲ್ಲಿರುವಂತೆ ನೋಡಿಕೊಳ್ಳಬೇಕು. ಬೇರು ಬಂದ ಮೇಲೆ ನೀರಲ್ಲಿ ಕರಗುವ ಗೊಬ್ಬರ ಲೀಟರಿಗೆ ಒಂದು ಚಿಟಿಕೆ ಸಾಕು. ಬೇರು ಬೆಳ್ಳಗಿದ್ದರೆ ಕ್ಷೇಮ. ಕಂದಾಗಿ ಲೋಳೆಯಾದರೆ ಕತ್ತರಿಸಿ ಮೊದಲಿಂದ ಶುರು.

ಒಂದು ಎಚ್ಚರಿಕೆ. ನಿಂತ ತಿಳಿನೀರೆಂದರೆ ಡೆಂಗಿ ಸೊಳ್ಳೆಗೆ ತವರುಮನೆ. ಐದಾರು ದಿನಕ್ಕೊಮ್ಮೆ ನೀರು ಚೆಲ್ಲಿ ಬಾಟಲಿ ತಿಕ್ಕಬೇಕು, ಬಾಯಿಗೆ ಬಟ್ಟೆ ಕಟ್ಟಬೇಕು. ಹೊಲಿಗೆ ಅಂಗಡಿಯಲ್ಲಿ ಚಿಂದಿಗೇನು ಬರ?

ಬೇಲಿಯ ಕಳ್ಳಿ ಬೇರೆ

ಹಾಗಾದರೆ ನಮ್ಮ ಹೊಲದ ಬೇಲಿಯ ಹಾಲುಗಳ್ಳಿಗೇ ಕಟ್ಟಿದರಾಗದೇ ಎಂದು ಕೇಳುವವರಿದ್ದಾರೆ. ಆಗದು. ಹಾಲು ಸುರಿಸುವ ಬೇಲಿಗಳ್ಳಿ ಬೇರೆಯೇ ಕುಲ, ಕಸಿ ಕೂಡುವುದಿಲ್ಲ. ಅದರ ಹಾಲು ಕಣ್ಣಿಗೆ ಸಿಡಿದರೆ ಆಸ್ಪತ್ರೆಯೇ ಗತಿ. ರಸ್ತೆ ಬದಿಯ ಪಾಪಾಸುಕಳ್ಳಿ ಮಾತ್ರ ನಿಜವಾದ ಕ್ಯಾಕ್ಟಸ್. ಅದೂ ಅಮೆರಿಕ ಖಂಡದಿಂದ ಬಂದದ್ದು. 18ನೇ ಶತಮಾನದ ಕೊನೆಯಲ್ಲಿ ಕೆಂಪು ಬಣ್ಣ ಕೊಡುವ ಹುಳು ಸಾಕಲು ಈಸ್ಟ್ ಇಂಡಿಯಾ ಕಂಪನಿ ಮದರಾಸಿನ ಕಡೆ ಇದನ್ನು ಬೆಳೆಸಿತ್ತು. ಬಣ್ಣದ ವ್ಯಾಪಾರ ಕುದುರಲಿಲ್ಲ, ಮುಳ್ಳು ಮಾತ್ರ ಉಳಿಯಿತು.

ಹೊಲಿಗೆಯವರು ಮಗಳ ಗಿಡದ ತಲೆಯನ್ನೂ ಅದರ ಪಕ್ಕದ ಎರಡು ಮರಿಗಳನ್ನೂ ಮೂರು ಕಾಲಿಗೆ ಕಟ್ಟಿದರು. ಮರಿಗಳೆರಡೂ ಉದುರಿದವು. ತಲೆ ಕೂತಿತು. ಈಗ ಅದು ಹೊಲಿಗೆ ಯಂತ್ರದ ಪಕ್ಕದ ಕಿಟಕಿಯಲ್ಲಿ, ನೇರ ಬಿಸಿಲು ಬೀಳದ ಕಡೆ ಇದೆ. ಕೆಲವು ವರ್ಷಕ್ಕೆ ಈ ಕಾಲೂ ಸೋಲಬಹುದು, ಆಗ ಮತ್ತೆ ಬ್ಲೇಡು ಹಿಡಿಯಬೇಕು ಎಂಬುದು ಅವರಿಗೆ ಗೊತ್ತು. ಬಾಟಲಿಯಲ್ಲಿ ಇನ್ನೆರಡು ಕಾಲು ಬೇರು ಬಿಡುತ್ತಿವೆ.

"ಮನೇಲಿ ಕಳ್ಳಿ ಇದ್ರೆ ಜಗಳ ಅಂತಾರಲ್ಲ" ಎಂದು ಗಿರಾಕಿಯೊಬ್ಬರು ಕೆಣಕಿದರು.

"ಅದಕ್ಕೇ ಅಂಗಡೀಲಿ ಇಟ್ಟಿದೀನಿ. ಇಲ್ಲಿ ಜಗಳ ಏನಿದ್ರೂ ಅಳತೆದು" ಎಂದರು ಅವರು, ಟೇಪು ಕೊರಳಿಗೆ ಹಾಕಿಕೊಳ್ಳುತ್ತಾ.